ದಿನನಿತ್ಯದ ಜಪಾನ್ ಕಾಣುವ ಸಣ್ಣಕಥೆಗಳು ಯಾವುವು?

ಸಮುರಾಯಿ, ಗೇಶಾ ಎಲ್ಲ ಬೇಡ, ಮನೆ-ಆಫೀಸು-ಸಂಸಾರ ಇರುವ ಜಪಾನಿ ಕಥೆಗಳು ಬೇಕು ಅಂತ ಕೇಳಿದ್ದೀರಿ. ಹೆಚ್ಚಿನವರು ಕಾದಂಬರಿಕಾರ ಹರುಕಿ ಮುರಕಾಮಿ ಹೆಸರು ಹೇಳುತ್ತಾರೆ. ನಾನು ಹೇಳುವುದಿಲ್ಲ. ಅವರ ಕಥೆಗಳು ನನಗೂ ಇಷ್ಟವೇ. ಆದರೆ ಅಲ್ಲಿ ಒಂಟಿ ಗಂಡಸು ಜಾಝ್ ಕೇಳುತ್ತಾ ಸ್ಪಗೆಟಿ ಬೇಯಿಸುವುದೇ ಜಾಸ್ತಿ. ಮಕ್ಕಳ ಜ್ವರ, ಮನೆ-ಜಾಗದ ಜಗಳ ಕಡಿಮೆ.

ಮೊದಲು ಕುನಿಕೊ ಮುಕೋದಾ ಅವರ 'ದಿ ನೇಮ್ ಆಫ್ ದ ಫ್ಲವರ್' ಅನ್ನುವ ಕಥಾಸಂಕಲನ ಹುಡುಕಿ. ಇಂಗ್ಲಿಷ್ ಅನುವಾದ ಬಂದದ್ದು 1994ರಲ್ಲಿ. ಮುಕೋದಾ ಟಿವಿ ಧಾರಾವಾಹಿ ಬರೆದು ಮನೆಮಾತಾದವರು. 1980ರಲ್ಲಿ ಕಥೆಗಳಿಗೆ ಜಪಾನಿನ ಹೆಸರಾಂತ ಸಾಹಿತ್ಯ ಪ್ರಶಸ್ತಿ ನವೊಕಿ ಬಂತು. ಮರುವರ್ಷವೇ ತೈವಾನಿನ ವಿಮಾನ ದುರಂತದಲ್ಲಿ ತೀರಿಕೊಂಡರು. ಧಾರಾವಾಹಿ ಬರೆದವರು ಅಂತ ಮೂಗು ಮುರಿಯಬೇಡಿ. ಮನೆಯೊಳಗೆ ಯಾರು ಯಾವ ಮಾತನ್ನು ನುಂಗಿಕೊಳ್ಳುತ್ತಾರೆ ಅನ್ನುವುದು ಇವರಿಗೆ ಗೊತ್ತಿದ್ದಷ್ಟು ದೊಡ್ಡ ಸಾಹಿತಿಗಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಅದರಲ್ಲಿ ನೀರುನಾಯಿ ಅನ್ನುವ ಕಥೆ ಮೊದಲು ಓದಿ. ಒಂದು ಸಂಜೆ ಗಂಡನ ಬೆರಳಿನಿಂದ ಸಿಗರೇಟು ಜಾರಿ ಬೀಳುತ್ತದೆ. ಅವನು ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಕೆಲವೇ ದಿನದಲ್ಲಿ ಸ್ಟ್ರೋಕ್ ಹೊಡೆಯುತ್ತದೆ. ಆಫೀಸಿಂದ ಬಂದು ಜಗಲಿಯಲ್ಲಿ ಕೂತು, ಮನೆಯ ತೋಟ ನೋಡುತ್ತಾ ಸಿಗರೇಟು ಸೇದುವುದು ಅವನಿಗಿದ್ದ ಒಂದೇ ಸುಖ. ಆ ತೋಟದ ಮೇಲೆ ಹೆಂಡತಿಯ ಕಣ್ಣು. ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಬೇಕು ಅಂತ ಅವಳಾಸೆ. ಅವಳೇನು ಕೆಟ್ಟವಳಲ್ಲ. ಚುರುಕು, ಮಾತುಗಾರ್ತಿ, ಎಲ್ಲರನ್ನೂ ನಗಿಸುವವಳು. ಇದೇ ಗುಣ ನೋಡಿ ಅವನು ಇಷ್ಟು ವರ್ಷ ಖುಷಿಪಟ್ಟಿದ್ದ. ಈಗ ಕೈಕಾಲು ಆಡದೆ ಮಲಗಿದಾಗ ಆ ನಗುವಿನ ಹಿಂದೆ ಇನ್ನೇನೋ ಕಾಣತೊಡಗುತ್ತದೆ. ಸತ್ತುಹೋದ ಮಗಳ ವಿಷಯವೂ ಬರುತ್ತದೆ. ಮುಂದಿನದನ್ನು ನೀವೇ ಓದಿ. ಕಥೆಯಲ್ಲಿ ಎಲ್ಲೂ ಕೂಗಾಟವಿಲ್ಲ, ಆದರೂ ಮೈ ಜುಮ್ಮೆನ್ನುತ್ತದೆ.

ಹಳೇ ಕಾಲದ್ದು ಪರವಾಗಿಲ್ಲ ಅನ್ನುವುದಾದರೆ ಅಕುತಾಗವಾ ಅವರ ಕಿತ್ತಳೆ ಹಣ್ಣಿನ ಕಥೆ ಇದೆ, 1919ರದ್ದು. ನಾಲ್ಕೈದು ಪುಟ ಅಷ್ಟೇ. ಯೊಕೊಸುಕಾದಿಂದ ಹೊರಟ ರೈಲು, ಸೆಕೆಂಡ್ ಕ್ಲಾಸ್ ಬೋಗಿಗೆ ಥರ್ಡ್ ಕ್ಲಾಸ್ ಟಿಕೆಟ್ ಹಿಡಿದು ಹತ್ತಿದ ಹಳ್ಳಿ ಹುಡುಗಿ, ಎದುರಿಗೆ ಸಿಡುಕು ಮೋರೆಯ ನಿರೂಪಕ. ಸುರಂಗ ಬರುವ ಹೊತ್ತಿಗೆ ಸರಿಯಾಗಿ ಅವಳು ಕಿಟಕಿ ತೆಗೆದು ಬೋಗಿ ತುಂಬ ಹೊಗೆ ಮಾಡುತ್ತಾಳೆ. ಯಾಕೆ ತೆಗೆದಳು ಅಂತ ಗೊತ್ತಾದಾಗ ಓದುವವರಿಗೂ ಸ್ವಲ್ಪ ನಾಚಿಕೆಯಾಗುತ್ತದೆ. 'ಮ್ಯಾಂಡರಿನ್ಸ್' ಅನ್ನುವ ಇಂಗ್ಲಿಷ್ ಸಂಕಲನದಲ್ಲಿ ಸಿಗುತ್ತದೆ. ಅಕುತಾಗವಾ ಅವರದೇ ಕಥೆಗಳಿರುವ, 'ರಶೋಮೊನ್' ಹೆಸರಿನ ಪೆಂಗ್ವಿನ್ ಪುಸ್ತಕ ಕೊಂಡರೆ ಇದು ಇರುವುದಿಲ್ಲ, ನೋಡಿಕೊಳ್ಳಿ.

ಕವಾಬಾತಾ ಅವರ 'ಪಾಮ್-ಆಫ್-ದ-ಹ್ಯಾಂಡ್ ಸ್ಟೋರೀಸ್' ಬಸ್ಸಿನಲ್ಲಿ ಓದುವುದಕ್ಕೆ ಒಳ್ಳೆಯದು. ಎರಡು-ಮೂರು ಪುಟದ ಕಥೆಗಳೇ ಹೆಚ್ಚು. ಕೊಡೆ ಹಿಡಿದು ಫೋಟೋ ತೆಗೆಸಿಕೊಳ್ಳಲು ಹೋಗುವ ನಾಚಿಕೆಯ ಹುಡುಗ-ಹುಡುಗಿಯ ಕಥೆ ನನಗೆ ಅಚ್ಚುಮೆಚ್ಚು. ಕೆಲವು ಕಥೆ ಕನಸಿನ ಹಾಗೆ ಇವೆ, ಅರ್ಥವಾಗದಿದ್ದರೆ ಸುಮ್ನೆ ಪುಟ ತಿರುಗಿಸಿ.

ಈಗಿನವರದ್ದೇ ಬೇಕು ಅಂದರೆ ಹಿರೋಮಿ ಕವಾಕಾಮಿ ಅವರ 'ಪೀಪಲ್ ಫ್ರಂ ಮೈ ನೇಬರ್‌ಹುಡ್' ಇದೆ. ಒಂದು ಬಡಾವಣೆ, ಅಲ್ಲಿನ ಅಕ್ಕಪಕ್ಕದವರು. ಆದರೆ ಲಾಟರಿ ಎತ್ತಿ ಒಬ್ಬ ಹುಡುಗನನ್ನು ಯಾರ ಮನೆಯವರು ಸಾಕಬೇಕು ಅಂತ ತೀರ್ಮಾನಿಸುವ ಊರು ಅದು! ನೀವು ಕೇಳಿದ ದಿನನಿತ್ಯದ ಬದುಕು ಪೂರ್ತಿ ಅಲ್ಲ, ಅದಕ್ಕೇ ಮುಕೋದಾ ಮುಗಿಸಿದ ಮೇಲೆ ಓದಿ ಅನ್ನುತ್ತಿದ್ದೇನೆ.