ದಿನಾ ಇಂಟರ್ವಲ್ ಮಾಡಿದರೆ ಸ್ಪೀಡ್ ಬರುತ್ತದಾ?

ಪ್ರಶ್ನೆ: ಒಲಿಂಪಿಕ್ ದೂರದ (1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ) ಟ್ರಯತ್ಲಾನ್‌ಗೆ ತಯಾರಾಗುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ ಶಾಲೆ ಮೈದಾನದಲ್ಲಿ 400 ಮೀಟರಿನ 12 ಓಟ, ಉಳಿದ ದಿನ ಸೈಕಲ್ಲಿನಲ್ಲೂ ಇಂಟರ್ವಲ್, ಅಂದರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ಹಗುರ, ಹೀಗೆ ಮತ್ತೆ ಮತ್ತೆ. ಮೊದಲ 400 ಮೀಟರ್ 1 ನಿಮಿಷ 35 ಸೆಕೆಂಡು, ಕೊನೆಯದು 2 ನಿಮಿಷ 10 ಸೆಕೆಂಡು. ಆದರೂ 10 ಕಿ.ಮೀ. ಓಟ 55 ನಿಮಿಷದಿಂದ ಇಳಿಯುತ್ತಿಲ್ಲ. ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಪರಿಚಯದವರು ತೈಲ ಹಾಕಿ ತಿಕ್ಕಿಸಿಕೊಂಡು ಓಡ್ತಾ ಇರಿ ಅಂದರು. (ಬದಿಯಡ್ಕ)

ಉತ್ತರ: ಮೊದಲು ಎಲುಬಿನ ವಿಷಯ. ಬೆರಳ ತುದಿಯಲ್ಲಿ ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವಾದರೆ ಓಟ ಇವತ್ತೇ ನಿಲ್ಲಿಸಿ. ಎಲುಬಿನ ಡಾಕ್ಟರಿಗೆ ತೋರಿಸಿ. ಸಣ್ಣ ಬಿರುಕು ಬಿಟ್ಟಿರಬಹುದು. ಅದರ ಮೇಲೆ ತೈಲ ತಿಕ್ಕಿ ಮತ್ತೆ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಸ್ಪೀಡು. ಇದೇ ಪ್ರಶ್ನೆ ಕುಂಬಳೆಯಿಂದಲೂ ಬರುತ್ತದೆ, ಮುಳ್ಳೇರಿಯದಿಂದಲೂ ಬರುತ್ತದೆ. ತಪ್ಪು ಎಲ್ಲರದ್ದೂ ಒಂದೇ. ನಿಮ್ಮದು ವಾರಕ್ಕೆ 19 ಕಿ.ಮೀ.ಗೂ ಜಾಸ್ತಿ ಜೋರು ಓಟ. ಕಾಲು ಸುಧಾರಿಸಿಕೊಳ್ಳುವುದು ಯಾವಾಗ? ದಿನಾ ಜೋರು ಓಡಲು ಹೋದರೆ ಯಾವ ದಿನವೂ ಸರಿಯಾಗಿ ಜೋರು ಓಡಲು ಆಗುವುದಿಲ್ಲ.

ವಾರಕ್ಕೆ ಒಂದು ಓಟದ ಇಂಟರ್ವಲ್, ಒಂದು ಸೈಕಲ್ಲಿನದು. ಸಾಕು. ಉಳಿದ ದಿನ ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ.

55 ನಿಮಿಷ ಅಂದರೆ ಕಿ.ಮೀ.ಗೆ ಐದೂವರೆ ನಿಮಿಷ. ನೋವು ಪೂರ್ತಿ ಹೋಗಿ, ಕೆಲವು ವಾರ ಹಗುರ ಓಟ ಆದ ಮೇಲೆ, 1 ಕಿ.ಮೀ.ನ ಐದು ಓಟ ಹಾಕಿ. ಒಂದೊಂದು 5 ನಿಮಿಷ 15 ಸೆಕೆಂಡಿನ ಆಸುಪಾಸು. ನಡುವೆ ಮೂರು ನಿಮಿಷ ಮೆಲ್ಲಗೆ ಓಡಿ, ಕೂತುಬಿಡಬೇಡಿ. ಐದನೆಯದೂ ಮೊದಲನೆಯದರಷ್ಟೇ ಸಮಯದಲ್ಲಿ ಮುಗಿಯಬೇಕು. ಮುಗಿಯಲಿಲ್ಲವಾ? ಮೊದಲನೆಯದು ಜೋರಾಯಿತು.

ವಾಚಿನಲ್ಲಿ ಹೃದಯ ಬಡಿತ ನೋಡಿಕೊಂಡು 400 ಮೀಟರ್ ಓಡಬೇಡಿ. ಬಡಿತ ಏರಲು ಸಮಯ ಬೇಕು, ಅಷ್ಟರಲ್ಲಿ ಸುತ್ತೇ ಮುಗಿದಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ಸೆಕೆಗೆ ಬೆವರು ಆರುವುದೂ ಇಲ್ಲ, ನಿಧಾನ ಓಡಿದರೂ ಬಡಿತ ಏರುತ್ತದೆ. ಆಗ ಕಿ.ಮೀ.ಗೆ ಹತ್ತು ಹದಿನೈದು ಸೆಕೆಂಡು ಜಾಸ್ತಿ ತೆಗೆದುಕೊಳ್ಳಿ. ಅಡಿಕೆ ತೋಟದ ನಡುವಿನ ದಾರಿಯಲ್ಲಿ ಜಿಪಿಎಸ್ ತೋರಿಸುವ ವೇಗವನ್ನೂ ಪೂರ್ತಿ ನಂಬಬೇಡಿ.

ಸೈಕಲ್ಲಿನಲ್ಲಿ ಎಲುಬಿಗೆ ಪೆಟ್ಟು ಬೀಳುವುದಿಲ್ಲ. ಹಾಗಾಗಿ ಜೋರು ಕೆಲಸದ ದೊಡ್ಡ ಪಾಲು ಅಲ್ಲಿಗೇ ಹಾಕಿ. ಪೊಸಡಿಗುಂಪೆ ಕಡೆಯ ಏರಿನಂಥ ರಸ್ತೆ ಹಿಡಿದು 4 ನಿಮಿಷ ಗಟ್ಟಿಯಾಗಿ ತುಳಿಯಿರಿ, 4 ನಿಮಿಷ ಹಗುರ. ಹೀಗೆ ಐದು ಸಲ. ಹೆದ್ದಾರಿ 66ರಲ್ಲಿ ದಯವಿಟ್ಟು ಬೇಡ. ತಲೆ ತಗ್ಗಿಸಿ ತುಳಿಯುವವನಿಗೆ ಲಾರಿ ಕಾಣುವುದಿಲ್ಲ.

ಪ್ರಶ್ನೆ: ಉಸಿರಾಟಕ್ಕೆ ತಡೆ ಕೊಡುವ ತರಬೇತಿ ಮಾಸ್ಕ್ ಹಾಕಿ ಇಂಟರ್ವಲ್ ಓಡಿದರೆ ಎತ್ತರದ ಬೆಟ್ಟದಲ್ಲಿ ತರಬೇತಿ ಮಾಡಿದಷ್ಟೇ ಲಾಭವಂತೆ, ಹೌದಾ? (ಮಂಜೇಶ್ವರ)

ಉತ್ತರ: ಇಲ್ಲ. ಉಸಿರು ಕಟ್ಟುತ್ತದೆ, ಅಷ್ಟೇ.

ಪ್ರಶ್ನೆ: ಜಿಮ್ಮಿನಲ್ಲಿ ಲೇಬಲ್ ಇಲ್ಲದ ಡಬ್ಬಿಯ ಪುಡಿ ಕೊಟ್ಟರು. ಇಂಟರ್ವಲ್ ದಿನ ತಗೊಳ್ಳಲಾ? (ಹೊಸಂಗಡಿ)

ಉತ್ತರ: ಬೇಡ. ಒಳಗೇನಿದೆ ಅಂತ ಕೊಟ್ಟವರಿಗೇ ಗೊತ್ತಿಲ್ಲ. ವಾಪಸ್ ಕೊಡಿ.