ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡುವ ಕಾರಿಗೂ ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸಬೇಕೆ?

ಬೆಂಗಳೂರಿನಲ್ಲಿ ಮನೆಯಿಂದ ಕಚೇರಿಗೆ 4 ಕಿ.ಮೀ., ಆ ದಾರಿಗೆ 20 ನಿಮಿಷ, ವರ್ಷಕ್ಕೆ ಎರಡು ಸಲ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಪ್ರಯಾಣ, ಕಾರು ಐದು ವರ್ಷ ಹಳೆಯದು ಎಂದು ಬರೆದಿದ್ದೀರಿ. ಕೈಪಿಡಿಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದಿರುವಾಗ ಮೆಕ್ಯಾನಿಕ್ ಆರು ತಿಂಗಳಿಗೇ ಇಂಜಿನ್ ಆಯಿಲ್ ಬದಲಿಸಲು ಹೇಳುವುದು ಹಣ ಕೀಳುವುದಕ್ಕೋ ಎಂಬುದು ನಿಮ್ಮ ಅನುಮಾನ. ನನ್ನ ಅಭಿಪ್ರಾಯದಲ್ಲಿ ಅವರ ಮಾತು ಸರಿಯಾಗಿದೆ. ಕೈಪಿಡಿಯನ್ನು ಇನ್ನೊಮ್ಮೆ ತೆರೆದು ನೋಡಿ. ಸರ್ವಿಸ್ ಪಟ್ಟಿಯ ಆಸುಪಾಸಿನಲ್ಲಿಯೇ ಕಠಿಣ ಪರಿಸ್ಥಿತಿಯಲ್ಲಿ ಓಡುವ ಕಾರುಗಳ ಬಗ್ಗೆ ಪ್ರತ್ಯೇಕ ಸೂಚನೆ ಸಾಮಾನ್ಯವಾಗಿ ಇರುತ್ತದೆ. ಧೂಳಿನ ರಸ್ತೆ, ಬೆಟ್ಟದ ದಾರಿಗಳ ಜೊತೆಗೆ ನಿಂತು ನಿಂತು ಸಾಗುವ ಸಂಚಾರ ಮತ್ತು ಪದೇ ಪದೇ ಮಾಡುವ ಕಿರುಪ್ರಯಾಣಗಳೂ ಆ ಸೂಚನೆಯೊಳಗೆ ಬರುತ್ತವೆ.

ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಇಂಜಿನ್ ತಣ್ಣಗಿರುವಾಗ ಪೂರ್ತಿ ಉರಿಯದ ಪೆಟ್ರೋಲ್ ಕೂಡ ಅದೇ ದಾರಿ ಹಿಡಿಯುತ್ತದೆ. ಕಾರು ಸಾಕಷ್ಟು ದೂರ ಓಡಿ ಆಯಿಲ್ ಚೆನ್ನಾಗಿ ಕಾದರೆ ಇವೆರಡರ ಬಹುಪಾಲು ಆವಿಯಾಗಿ ಹೊರಹೋಗುತ್ತದೆ. ನಿಮ್ಮ 20 ನಿಮಿಷದ ಓಟದಲ್ಲಿ ಅಷ್ಟು ಕಾಯುವುದು ಕಷ್ಟ. ಮೀಟರಿನ ಮುಳ್ಳು ಮೇಲೇರಿತೆಂದು ನಂಬಬೇಡಿ, ಅದು ತೋರಿಸುವುದು ಕೂಲೆಂಟ್‌ನ (ಇಂಜಿನ್ ತಣಿಸುವ ದ್ರವದ) ಬಿಸಿಯನ್ನು, ಆಯಿಲ್ ಕಾಯುವುದು ಅದಕ್ಕಿಂತ ತಡವಾಗಿ. ಉಳಿದ ತೇವಾಂಶದಿಂದ ಆಯಿಲ್‌ನಲ್ಲಿ ಆಮ್ಲ ಮತ್ತು ಗಸಿ ಸೇರುತ್ತ ಹೋಗುತ್ತವೆ, ಪೆಟ್ರೋಲ್ ಸೇರಿದಷ್ಟೂ ಅದು ತೆಳ್ಳಗಾಗುತ್ತದೆ. ಪುತ್ತೂರಿನ ಪ್ರಯಾಣ ಆಯಿಲ್‌ಗೆ ಒಳ್ಳೆಯದೇ, ಆದರೆ ವರ್ಷಕ್ಕೆ ಎರಡೇ ಸಲ ಸಾಲದು.

ಇನ್ನು ಕಿಲೋಮೀಟರಿನ ಲೆಕ್ಕ. ವರ್ಷದ 4,000 ಕಿ.ಮೀ.ನಲ್ಲಿ ಊರಿನ ಎರಡು ಪ್ರಯಾಣಗಳ ಸುಮಾರು 1,300 ಕಿ.ಮೀ. ಕಳೆದರೆ ನಿಮ್ಮ ಕಾರು ನಗರದೊಳಗೆ ಸುಮಾರು 2,700 ಕಿ.ಮೀ. ಓಡುತ್ತದೆ. 20 ನಿಮಿಷಕ್ಕೆ 4 ಕಿ.ಮೀ. ಎಂದರೆ ಗಂಟೆಗೆ 12 ಕಿ.ಮೀ., ಆ ವೇಗದಲ್ಲಿ ಅದು 225 ಗಂಟೆಗಳ ದುಡಿಮೆ. ಹೆದ್ದಾರಿಯಲ್ಲಿ 60ರ ವೇಗದಲ್ಲಿ ಅಷ್ಟೇ ಹೊತ್ತು ಓಡುವ ಕಾರು 13,500 ಕಿ.ಮೀ. ಕ್ರಮಿಸಿರುತ್ತದೆ. ಸಿಗ್ನಲ್‌ನಲ್ಲಿ ನಿಂತು ಉರಿಯುವ ಇಂಜಿನ್ನಿನ ಶ್ರಮ ಮೀಟರಿನಲ್ಲಿ ದಾಖಲಾಗುವುದಿಲ್ಲ. ಆದ್ದರಿಂದ ಆರು ತಿಂಗಳು ಅಥವಾ 5,000 ಕಿ.ಮೀ., ಯಾವುದು ಮೊದಲೋ ಅದು ನಿಮಗೆ ತಕ್ಕ ಅವಧಿ. ನಿಮ್ಮ ಕೈಪಿಡಿಯ ಕಠಿಣ ಪಟ್ಟಿಯಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಪಾಲಿಸಿ. (ಇದನ್ನು ಓದುವ ಬಿಎಸ್6 ಡೀಸೆಲ್ ಕಾರಿನವರು ಇನ್ನಷ್ಟು ಎಚ್ಚರದಿಂದಿರಬೇಕು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಆ ಮಸಿಯನ್ನು ಸುಟ್ಟು ತನ್ನನ್ನು ಶುಚಿಗೊಳಿಸಿಕೊಳ್ಳಲು ನಿರಂತರ ಓಟ ಬೇಕು. ಆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ ಇಂಜಿನ್ ಆಯಿಲ್‌ಗೆ ಡೀಸೆಲ್ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿಯಲ್ಲಿ) ಆಯಿಲ್ ಮಟ್ಟ ಏರುತ್ತಿದ್ದರೆ ಕೂಡಲೇ ತೋರಿಸಿ.)

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ: ಬ್ರೇಕ್ ಆಯಿಲ್, ಅಂದರೆ ಪೆಡಲ್ ತುಳಿದ ಬಲವನ್ನು ಚಕ್ರಗಳ ಬ್ರೇಕಿಗೆ ಮುಟ್ಟಿಸುವ ದ್ರವ. ಎಂಟು ವರ್ಷಗಳ ಹಿಂದೆ ಮನೆಯವರನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ, ಅರ್ಧ ದಾರಿಯಲ್ಲಿ ನನ್ನ ಬ್ರೇಕ್ ಪೆಡಲ್ ಕಾಲಿಗೆ ಮೆತ್ತಗಾಗಿ ಕೆಳಗಿಳಿಯತೊಡಗಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಬದಿಗೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಉಜಿರೆಯ ಗ್ಯಾರೇಜಿನಲ್ಲಿ ಹೊರತೆಗೆದ ದ್ರವ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಕಾರು ಕೊಂಡ ದಿನದಿಂದ ಅದನ್ನು ಬದಲಿಸಿಯೇ ಇರಲಿಲ್ಲ. ಆ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ತೇವ ಹೀರಿದ ದ್ರವಕ್ಕೆ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಗುಳ್ಳೆಗಳೇಳುತ್ತವೆ, ನಾವು ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು, ನಗರದಲ್ಲಿ ಎಷ್ಟೇ ಕಡಿಮೆ ಓಡಿದ್ದರೂ.

ಏರ್ ಫಿಲ್ಟರನ್ನು ಪ್ರತಿ ಸರ್ವಿಸ್‌ನಲ್ಲಿ ತೆಗೆಸಿ ನೋಡಿದರೆ ಸಾಕು. ಕೂಲೆಂಟ್ ಕಡಿಮೆಯಾದರೆ ಬೋರ್‌ವೆಲ್ ನೀರು ಸುರಿಯಲು ಮಾತ್ರ ಬಿಡಬೇಡಿ, ಅದರ ಸುಣ್ಣ ರೇಡಿಯೇಟರಿನೊಳಗೆ ಕಟ್ಟಿಕೊಳ್ಳುತ್ತದೆ.

ಐದು ವರ್ಷಗಳಲ್ಲಿ ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ನಿಮ್ಮ ಸರ್ವಿಸ್ ಬಿಲ್‌ಗಳಲ್ಲಿ ಇದೆಯೇ ಎಂದು ಇಂದೇ ಹುಡುಕಿ. ಇಲ್ಲದಿದ್ದರೆ ಇಂಜಿನ್ ಆಯಿಲ್ ಒಂದು ವಾರ ತಡವಾದರೂ ಚಿಂತೆಯಿಲ್ಲ, ಮುಂದಿನ ಸಲ ಶಿರಾಡಿ ಇಳಿಯುವ ಮೊದಲು ಬ್ರೇಕ್ ಆಯಿಲನ್ನು ಬದಲಿಸಿ, ಇಳಿಯುವಾಗ ಹತ್ತುವ ಗೇರಿನಲ್ಲಿಯೇ ಇಳಿಯಿರಿ.