ಬ್ಯಾಕ್ ಒತ್ತಿದರೆ ಸೀರೆ ಪುಟ ಮತ್ತೆ ಮೊದಲಿನಿಂದ ಲೋಡ್ ಆಗುವುದೇಕೆ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ವೆಬ್‌ಸೈಟ್ ಕೂಡ ಇದೆ. ಗಿರಾಕಿಗಳು ಒಂದು ಸೀರೆ ನೋಡಿ ಮೊಬೈಲಿನಲ್ಲಿ ಬ್ಯಾಕ್ ಒತ್ತಿದರೆ ಪಟ್ಟಿ ಪೂರ್ತಿ ಮತ್ತೆ ಲೋಡ್ ಆಗುತ್ತದೆ. ಸೈಟ್ ಮಾಡಿಕೊಟ್ಟವರು ದೊಡ್ಡ ಸರ್ವರ್ ತಗೊಳ್ಳಿ ಅಂತಾರೆ. ಬೇಕೇ?

ಉತ್ತರ: ಈಗಲೇ ಸರ್ವರ್‌ಗೆ ದುಡ್ಡು ಹಾಕಬೇಡಿ. ಬ್ಯಾಕ್ ಒತ್ತಿದಾಗ ಸರ್ವರ್‌ವರೆಗೆ ಹೋಗುವ ಅಗತ್ಯವೇ ಇಲ್ಲ.

ನಿಮ್ಮ ಅಂಗಡಿಯ ಗಾದಿಯನ್ನೇ ನೋಡಿ. ಚಿಕ್ಕಿ ಪರಾಸ್ ಅಂಚಿನ ಸೀರೆ ತೋರಿಸಿ, ಆಮೇಲೆ ಗೋಮಿ ಅಂಚಿನದು ಬಿಚ್ಚುತ್ತೀರಿ. ‘ಮೊದಲ ತೋರಿಸಿದ್ದು ಕೊಡ್ರಿ’ ಅಂದರೆ ಅದು ಇನ್ನೂ ಅಲ್ಲೇ ಹರವಿಕೊಂಡಿರುತ್ತದೆ, ಅಲ್ವಾ? ಬ್ರೌಸರ್ ಕೂಡ ಬಿಟ್ಟುಹೋದ ಪುಟವನ್ನು ಹಾಗೇ, ಸ್ಕ್ರೋಲ್ ಮಾಡಿ ನಿಂತ ಜಾಗದ ಸಮೇತ, ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಬಿಎಫ್‌ಕ್ಯಾಶ್ ಎನ್ನುತ್ತಾರೆ. ಫೈರ್‌ಫಾಕ್ಸ್‌ನಲ್ಲಿ 2005ರಿಂದ ಇದೆ. ಆಂಡ್ರಾಯ್ಡ್ ಕ್ರೋಮ್‌ಗೆ 2020ರಲ್ಲಿ, ಕಂಪ್ಯೂಟರಿನ ಕ್ರೋಮ್‌ಗೆ 2021ರಲ್ಲಿ ಬಂತು.

ಇದನ್ನು ತಡೆಯುವ ಸಾಮಾನ್ಯ ಕಾರಣ ಸರ್ವರ್ ಕಳಿಸುವ ಕ್ಯಾಶ್-ಕಂಟ್ರೋಲ್ ಹೆಡರ್‌ನ (ಪುಟವನ್ನು ಉಳಿಸಿಕೊಳ್ಳುವುದು ಹೇಗೆಂದು ಪುಟದ ಜೊತೆ ಬ್ರೌಸರ್‌ಗೆ ಬರುವ ಸೂಚನೆ) ಒಂದು ಪದ: ‘ನೋ-ಸ್ಟೋರ್’. ಎಲ್ಲೂ ಉಳಿಸಬೇಡ ಎಂದರ್ಥ. ತೋರಿಸಿದ ಸೀರೆಯನ್ನು ಪ್ರತಿ ಸಲ ಮಡಚಿ ಗೋದಾಮಿಗೆ ಒಯ್ದಂತೆ. ಕ್ರೋಮ್ ಈಚೆಗೆ ಇದನ್ನು ಸ್ವಲ್ಪ ಸಡಿಲಿಸಿದೆ, ಆದರೆ ಅದನ್ನೇ ನಂಬಿ ಕೂರಬೇಡಿ.

ಖಾಲಿಯಾದ ಸೀರೆ ಗಿರಾಕಿಗೆ ಕಾಣಬಾರದು ಎಂದು ಅದನ್ನು ಹಾಕಿರಬಹುದು. ಕಾಳಜಿ ಸರಿ, ಮದ್ದು ಜಾಸ್ತಿಯಾಯಿತು. ಪಟ್ಟಿಯ ಪುಟಕ್ಕೆ ‘ನೋ-ಕ್ಯಾಶ್’ ಸಾಕು. ಹೆಸರು ನೋಡಿ ಮೋಸ ಹೋಗಬೇಡಿ. ‘ಇಟ್ಟುಕೋ, ಆದರೆ ಬಳಸುವ ಮುಂಚೆ ನನ್ನನ್ನೊಮ್ಮೆ ಕೇಳು’ ಎಂದು ಸರ್ವರ್ ಹೇಳುವ ಮಾತು ಅದು. ಈಟ್ಯಾಗ್ (ಪುಟದ ಆವೃತ್ತಿಯ ಗುರುತು) ಇದ್ದು, ಏನೂ ಬದಲಾಗಿಲ್ಲದಿದ್ದರೆ ಸರ್ವರ್ ಬರೀ 304, ಅಂದರೆ ‘ಬದಲಾಗಿಲ್ಲ’ ಎಂದು ಉತ್ತರಿಸುತ್ತದೆ, ಪುಟ ಮತ್ತೆ ಇಳಿಯುವುದಿಲ್ಲ. ಬಿಎಫ್‌ಕ್ಯಾಶ್‌ಗೂ ಇದರಿಂದ ಅಡ್ಡಿಯಿಲ್ಲ. ಆದರೆ ಬಿಎಫ್‌ಕ್ಯಾಶ್‌ನಿಂದ ಬಂದ ಪುಟ ಸರ್ವರನ್ನು ಕೇಳುವುದೇ ಇಲ್ಲ. ಹಾಗಾಗಿ ಪೇಜ್‌ಶೋ ಈವೆಂಟ್‌ನಲ್ಲಿ (ಪುಟ ಕಂಡಾಗ ಬ್ರೌಸರ್ ಸ್ಕ್ರಿಪ್ಟ್‌ಗೆ ಕೊಡುವ ಸುದ್ದಿ) ‘ಪರ್ಸಿಸ್ಟೆಡ್’ ನಿಜವಿದ್ದರೆ, ಅಂದರೆ ಪುಟ ಬಿಎಫ್‌ಕ್ಯಾಶ್‌ನಿಂದ ಬಂದಿದ್ದರೆ, ಸ್ಟಾಕ್ ಲೆಕ್ಕವನ್ನಷ್ಟೇ ಹೊಸದಾಗಿ ತರಿಸಲು ಸೈಟ್ ಮಾಡಿದವರಿಗೆ ಹೇಳಿ.

ಸೀರೆಯ ಫೋಟೊಗಳಿಗೆ ಮ್ಯಾಕ್ಸ್-ಏಜ್ (ಸರ್ವರನ್ನು ಕೇಳದೆ ಬ್ರೌಸರ್ ಬಳಸಬಹುದಾದ ಅವಧಿ) ಒಂದು ವರ್ಷ ಕೊಡಿ. ಫೋಟೊ ಬದಲಿಸಿದಾಗ ಫೈಲಿನ ಹೆಸರನ್ನೂ ಬದಲಿಸಿ.

ಗಿರಾಕಿಯ ವಿಳಾಸ, ಆರ್ಡರ್ ಇರುವ ಪುಟಗಳಲ್ಲಿ ಮಾತ್ರ ನೋ-ಸ್ಟೋರ್ ತೆಗೆಯಬೇಡಿ. ಸೈಬರ್ ಸೆಂಟರಿನಲ್ಲಿ ಒಬ್ಬರು ಲಾಗೌಟ್ ಮಾಡಿ ಎದ್ದುಹೋದ ಮೇಲೆ ಇನ್ನೊಬ್ಬರು ಬ್ಯಾಕ್ ಒತ್ತಿ ಅದನ್ನು ನೋಡುವಂತಾಗಬಾರದು.

ನೀವೇ ಪರೀಕ್ಷಿಸಬಹುದು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಪಟ್ಟಿಯ ಪುಟ ತೆರೆದು ಎಫ್12 ಒತ್ತಿ. ಅಪ್ಲಿಕೇಶನ್ ಟ್ಯಾಬ್‌ನಲ್ಲಿ ‘ಬ್ಯಾಕ್/ಫಾರ್ವರ್ಡ್ ಕ್ಯಾಶ್’ ಆರಿಸಿ ಟೆಸ್ಟ್ ಓಡಿಸಿ. ತಡೆ ಏನೆಂದು ಅಲ್ಲೇ ಬರೆದಿರುತ್ತದೆ. ‘ಅನ್‌ಲೋಡ್’ (ಪುಟ ಬಿಡುವಾಗ ಸ್ಕ್ರಿಪ್ಟ್ ಓಡಿಸುವ ಹಳೆಯ ಈವೆಂಟ್) ಎಂದು ಕಂಡರೆ ತಪ್ಪು ಹೆಡರ್‌ನದಲ್ಲ, ಸ್ಕ್ರಿಪ್ಟ್‌ನದು. ಅದರ ಬದಲು ‘ಪೇಜ್‌ಹೈಡ್’ ಬಳಸಲು ಸೈಟ್ ಮಾಡಿದವರಿಗೆ ಹೇಳಿ.